ಎಲ್ಲ ಸುಸೂತ್ರ

ನಮ್ಮೂರಿನಲ್ಲಿ ಹೆಸರು ಹಿಡಿದು ಕರೆಯದ ವಸ್ತು ಸಂಜೆಯ ಹೊತ್ತಿಗೆ ಇರುವುದಿಲ್ಲ. ಕಳವಾಗುವುದಿಲ್ಲ, ಮುರಿಯುವುದಿಲ್ಲ, ಇರುವುದಿಲ್ಲ, ಅಷ್ಟೆ. ಒಲೆಯ ಪಕ್ಕದ ಇಕ್ಕಳವನ್ನು ಆ ದಿನ ಯಾರೂ "ಇಕ್ಕಳ ಎಲ್ಲೈತಿ" ಎನ್ನದೆ ಹೋದರೆ ದೀಪ ಹಚ್ಚುವಾಗ ಅದರ ಜಾಗದಲ್ಲಿ ಬೂದಿ ಮಾತ್ರ ಉಳಿದಿರುತ್ತದೆ. ಬೇರೆ ಊರಿನಿಂದ ಸೊಸೆಯರಾಗಿ ಬಂದವರು ಮೊದಮೊದಲು ಅಳುತ್ತಾರೆ, ಆಮೇಲೆ ಬಾಯಿ ಕಲಿಯುತ್ತಾರೆ. ನಾನೂ ಹಾಗೆ ಬಂದವಳೇ. ತವರಿನವರು ಕೊಟ್ಟ ಅರ್ಧ ಪಾತ್ರೆಗಳನ್ನು ಮೊದಲ ವಾರದಲ್ಲೇ ಕಳೆದುಕೊಂಡು, ಉಳಿದರ್ಧವನ್ನು ಬೈದು ಬೈದು ಉಳಿಸಿಕೊಂಡೆ.

ಊರಿನ ಕೆಳಗೆ ಒಂದು ಫ್ರೇಮ್‌ವರ್ಕು ಇದೆ. ಊರನ್ನು ಹೊತ್ತಿರುವುದು ಅದೇ, ಊರನ್ನು ಗುಡಿಸುವುದೂ ಅದೇ. ಯಾವುದು ಬೇಕಾದದ್ದು, ಯಾವುದು ಕಸ ಎಂಬುದಕ್ಕೆ ಅದರ ಹತ್ತಿರ ಒಂದೇ ಅಳತೆ: ಕರೆಯುವವರಿದ್ದರೆ ಬೇಕಾದದ್ದು, ಇಲ್ಲದಿದ್ದರೆ ಕಸ. ಮನುಷ್ಯರ ಅಳತೆಯೂ ಇದಕ್ಕಿಂತ ಬೇರೆಯಲ್ಲವಾದ್ದರಿಂದ ಯಾರೂ ತಕರಾರು ಮಾಡಿಲ್ಲ. ಬೇರೆ ಊರುಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಮದುವೆಯ ದಿನ ಒಡಪು ಕಟ್ಟಿ ಒಮ್ಮೆ ಹೇಳಿ ನಾಚಿಕೊಳ್ಳುತ್ತಾರಂತೆ. ನಮ್ಮಲ್ಲಿ ನಾಚಿಕೊಂಡರೆ ಗಂಡ ಉಳಿಯುವುದಿಲ್ಲ. ಬೇಕೆಂದೇ ನಾಚಿಕೊಂಡು ನೋಡಿದವರೂ ಒಬ್ಬಿಬ್ಬರಿದ್ದಾರೆ, ಆ ಮಾತು ಈಗ ಬೇಡ. ಅತ್ತೆಯನ್ನು ಹೆಸರು ಹಿಡಿದು ಬೈಯುವ ಸೊಸೆಗೆ ನಮ್ಮೂರಿನಲ್ಲಿ ಒಳ್ಳೆಯ ಸೊಸೆ ಎಂದೇ ಹೆಸರು. ಮನುಷ್ಯರ ವಿಷಯದಲ್ಲಿ ಫ್ರೇಮ್‌ವರ್ಕು ತುಸು ದಾಕ್ಷಿಣ್ಯ ತೋರಿಸುತ್ತದೆ. ಒಂದೇ ಸಂಜೆಗೆ ಒಯ್ಯುವುದಿಲ್ಲ. ಮೊದಲು ನೆರಳು ಹೋಗುತ್ತದೆ, ಆಮೇಲೆ ತೂಕ, ಆಮೇಲೆ ಮೈಯ ಅಂಚು.

ಹೀಗೆ ಕೂಗುವುದರಲ್ಲೇ ದಿನದ ಅರ್ಧ ಕಳೆಯುತ್ತಿತ್ತು. ಅದಕ್ಕೇ ಊರಿನವರು, ಯಂತ್ರ ಸಾಲುಸಾಲಾಗಿ ಓದಿ ನಡೆಸುವ ಸ್ಕ್ರಿಪ್ಟು ಬರೆಸಿದರು. ಚಾವಡಿಯೊಳಗೆ ಯಂತ್ರ, ಚಾವಡಿಯ ಮೇಲೆ ಧ್ವನಿವರ್ಧಕ. ಹೊತ್ತು ಹುಟ್ಟುವಾಗ ಸ್ಕ್ರಿಪ್ಟು ಆ ಫ್ರೇಮ್‌ವರ್ಕಿನ ಮೇಲೆ ಓಡುತ್ತ, ಚಾವಡಿಯ ಮೆಟ್ಟಿಲಿನಿಂದ ಶುರುಮಾಡಿ, ಮುಂದಿನ ಓಣಿ, ಅದರ ಕೊನೆಗೆ ಗೌಡರ ಮನೆ, ಅಲ್ಲಿಂದ ತಿರುಗಿ ನಮ್ಮ ಹಿಂದಿನ ಓಣಿ ಎಂದು ಊರಿನ ಸಕಲವನ್ನೂ ಸಾಲಾಗಿ ಕರೆಯುತ್ತಿತ್ತು. ಕರೆದದ್ದು ಓಗೊಡಬೇಕು. ಬಾಗಿಲು ಕಿರ್ರೆನ್ನುತ್ತಿತ್ತು, ನಲ್ಲಿ ಗಳಗಳ ಎನ್ನುತ್ತಿತ್ತು, ನಾವು "ಇದ್ದೀನಿ" ಎನ್ನುತ್ತಿದ್ದೆವು. ಓಗೊಡದಿದ್ದರೆ ಸ್ಕ್ರಿಪ್ಟು ಎರರ್ ಹೇಳುತ್ತಿತ್ತು: ಯಾವ ಓಣಿ, ಯಾವ ವಸ್ತು, ಏನಾಗಿದೆ. ಅದು ಓಡುವಾಗ ಮಾತ್ರ ಯಾರೂ ಯಾರನ್ನೂ ಕರೆಯುವ ಹಾಗಿರಲಿಲ್ಲ. ಒಬ್ಬರ ಬಾಯಲ್ಲಿರುವ ಹೆಸರನ್ನು ಸ್ಕ್ರಿಪ್ಟು ಕೈಗೆ ತೆಗೆದುಕೊಳ್ಳಲಾರದು. ಒಂದೇ ಸೆರಗನ್ನು ಎರಡು ಕೂಸುಗಳು ಜಗ್ಗಿದಂತಾಗುತ್ತದೆ.

ನಾನು ಅಕ್ಷರ ಕಲಿತದ್ದು ಕೂದಲು ಬೆಳ್ಳಗಾದ ಮೇಲೆ, ರಾತ್ರಿಶಾಲೆಯಲ್ಲಿ. ಓದಿಸಲು ಪುಸ್ತಕಗಳಿರಲಿಲ್ಲ, ಮೆಹಬೂಬ ಮಾಸ್ತರರು ಸ್ಕ್ರಿಪ್ಟನ್ನೇ ಹಲಗೆಯ ಮೇಲೆ ಬರೆದು ಓದಿಸಿದರು. "ಅಳೂ ಕೂಸಿಗೆ ಎಲ್ಲಿ ನೋವಾಗೇತಿ ಅಂತ ತಿಳೀತೈತಿ, ಅಳದ ಕೂಸಿಂದು ತಿಳಿಯೂದಿಲ್ಲ. ಎರರ್ ಅಂದ್ರ ಸ್ಕ್ರಿಪ್ಟು ಅಳೂದು," ಎನ್ನುತ್ತಿದ್ದರು ಅವರು. ಊರಿನ ಹಿರಿಯರಿಗೆ ಅಳುವ ಕೂಸುಗಳನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಅಂಥದ್ದರಲ್ಲಿ ಅಧ್ಯಕ್ಷ ವಿರುಪಾಕ್ಷಗೌಡರ ಮನೆಗೆ ಮಗಳನ್ನು ನೋಡಲು ಬೀಗರಾಗುವವರು ಬಂದರು. ಗೌಡರ ಹಿತ್ತಲಿನಲ್ಲಿ ಊರಿಗೇ ಮೊದಲನೆಯದಾದ ಹೆಂಚಿನ ಪಾಯಖಾನೆ, ಒಳಗೆ ಹೂವಿನ ಚಿತ್ರದ ಹಾಸುಗಲ್ಲು. ಅದನ್ನು ರಿಬ್ಬನ್ನು ಕತ್ತರಿಸಿ ಉದ್ಘಾಟಿಸಿದ್ದರು. ಗೌಡರು ಭಾಷಣವನ್ನೂ ಮಾಡಿದ್ದರು. ರಾತ್ರಿ ಉಳಿದ ವರನ ತಂದೆ ಬೆಳಗ್ಗೆ ತಂಬಿಗೆ ಹಿಡಿದು ಒಳಗೆ ಹೋಗುವುದಕ್ಕೂ, ಸ್ಕ್ರಿಪ್ಟು ಗೌಡರ ಮನೆಗೆ ಬರುವುದಕ್ಕೂ ಸರಿಹೋಯಿತು. ಧ್ವನಿವರ್ಧಕ ಊರಿಗೆಲ್ಲ ಕೇಳುವ ಹಾಗೆ ಹೇಳಿತು: "ಎರರ್. ಗೌಡರ ಮನೆ, ಪಾಯಖಾನೆ: ಬೇರೊಬ್ಬರು ಹಿಡಿದಿದ್ದಾರೆ. ಬಿಟ್ಟ ಮೇಲೆ ಕರೆಯುತ್ತೇನೆ." ತುಸು ಹೊತ್ತು ಸುಮ್ಮನಿದ್ದು ಮತ್ತೆ ಅದನ್ನೇ ಹೇಳಿತು. ಮತ್ತೆ ಹೇಳಿತು. ಒಳಗಿದ್ದ ಮನುಷ್ಯನಿಗೆ ಹೊರಗೆ ಬರುವ ಧೈರ್ಯವಿಲ್ಲ, ಸ್ಕ್ರಿಪ್ಟಿಗೆ ಮುಂದೆ ಹೋಗುವ ಸ್ವಭಾವವಿಲ್ಲ. ಊರೆಲ್ಲ ಚಾವಡಿಯ ಮುಂದೆ ನಿಂತು ಆ ದೊಡ್ಡಮನುಷ್ಯ ಯಾವಾಗ ಬಿಡುತ್ತಾನೆಂದು ಕಾಯಿತು. ಬೀಗರು ಉಪ್ಪಿಟ್ಟನ್ನೂ ಮುಟ್ಟದೆ ಗಾಡಿ ಹೂಡಿಸಿಕೊಂಡು ಹೋದರು.

ಮರುದಿನವೇ ಸಭೆ ಸೇರಿ ಠರಾವು ಮಾಡಿದರು. ಸ್ಕ್ರಿಪ್ಟು ಇನ್ನು ಬಾಯಿ ಬಿಡಬಾರದು; ಮನಸ್ಸಿನಲ್ಲೇ ಕರೆದುಕೊಳ್ಳಬೇಕು. ಎರರ್ ಬಂದರೆ ನುಂಗಿಕೊಂಡು ಮುಂದೆ ನಡೆಯಬೇಕು. ಕೊನೆಗೆ "ಎಲ್ಲ ಸುಸೂತ್ರ" ಎಂದು ಮಾತ್ರ ಹೇಳಬೇಕು. ಗೌಡರೊಬ್ಬರೇ ಒತ್ತಾಯ ಮಾಡಿದರು ಎಂದು ಹೇಳಿದರೆ ಪಾಪ ಬಂದೀತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರ ಮಾಳಿಗೆ ಸೋರುವುದನ್ನು, ಇನ್ನೊಬ್ಬರ ಮಗ ಮನೆಗೇ ಬಾರದ್ದನ್ನು ಧ್ವನಿವರ್ಧಕ ಎಂದಾದರೊಂದು ದಿನ ಹೇಳಿಯೇ ಹೇಳಿತ್ತು. ಅಂದಿನಿಂದ ನಮ್ಮೂರಿನಲ್ಲಿ ಎರರ್ ಇಲ್ಲ. ಪಕ್ಕದ ಊರಿನವರು ಬಂದು ನೋಡಿಕೊಂಡು ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ಇದ್ದದ್ದು ಇಬ್ಬರು. ನಾನು ಮತ್ತು ನನ್ನ ಹಿರಿಯ ನೆಗೆಣ್ಣಿ ನೀಲವ್ವ, ಅಂದರೆ ನನ್ನ ಭಾವನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ಜಗಳ ಮುಂದುವರಿಸಿಕೊಂಡು ಹೋಗುವ ಜವಾಬ್ದಾರಿ ನಮ್ಮಿಬ್ಬರ ಮೇಲೆ ಬಿತ್ತು. ಅದನ್ನು ಎಂದೂ ತಪ್ಪಿಸಲಿಲ್ಲ. ಮನೆಗೆ ದಿನಾ ನಸುಕಿನಲ್ಲಿ ಬರುತ್ತಿದ್ದವರು ಒಬ್ಬರೇ, ಗೌಡರ ಹೆಂಡತಿ ಬಸಲಿಂಗವ್ವ. ಹೆಪ್ಪು ಹಾಕಲು ಮಜ್ಜಿಗೆ ಬೇಕೆಂದು ಗಿಂಡಿ ಹಿಡಿದು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ಕೊಟ್ಟಿಗೆ ತುಂಬ ಎಮ್ಮೆಗಳಿರುವ ಮನೆಯವಳಿಗೆ ನಮ್ಮ ಹೆಪ್ಪು ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ದೊಡ್ಡೋರ ಮನ್ಯಾಗಿನ ಹಾಲು ಸುಮ್ಮ ಹೆಪ್ಪಾಗೂದಿಲ್ಲ, ನಿನಗೇನ್ ತಿಳೀತೈತಿ, ಮಲ್ಕೋ," ಎಂದಿದ್ದಳು ನೀಲವ್ವ.

ತೊಂದರೆ ಶುರುವಾದದ್ದು ನಮ್ಮ ಓಣಿಯಲ್ಲಿ. ಮೊದಲು ಕುಟ್ಟುವ ಒನಕೆಗಳು ಹೋದವು. ಆಮೇಲೆ ಓಣಿಯ ಕಟ್ಟೆ. ಒಂದು ಸಂಜೆ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದವರಿಗೆ, ತಾವು ಬರೀ ಗೋಡೆಯ ಮುಂದೆ ಸಾಲು ಹಚ್ಚಿರುವುದು ಗೊತ್ತಾಯಿತು. ನಮ್ಮ ಹಿತ್ತಲಿನ ಪಾಯಖಾನೆಯೂ ಹೋಯಿತು. ಇಷ್ಟಾದರೂ ಬೆಳಗ್ಗೆ ಧ್ವನಿವರ್ಧಕ ತಪ್ಪದೆ "ಎಲ್ಲ ಸುಸೂತ್ರ" ಎನ್ನುತ್ತಿತ್ತು. ನಾವು ಮುಂದಿನ ಓಣಿಗೆ ಹೋಗಿ ಹೇಳಿದರೆ, ಕಿರಾಣಿ ಅಂಗಡಿಯ ಶಿವಪುತ್ರಪ್ಪ ತನ್ನ ತಕ್ಕಡಿಯನ್ನು ಪ್ರೀತಿಯಿಂದ ಸವರಿ, "ನಮ್ಮ ಕಡೆ ಒಂದ್ ಸೂಜೀನೂ ಹೋಗಿಲ್ಲವ್ವಾ. ನೀವ ಎಲ್ಲೋ ಇಟ್ಟು ಮರತಿರಬೇಕು," ಎಂದ.

"ನಲ್ಲಿನ ಎಲ್ಲಿ ಇಟ್ಟು ಮರೀತಾರೋ ತಮ್ಮಾ?" ಎಂದೆ.

"ಹಿಂದಿನ ಓಣ್ಯಾವ್ರು ಏನೂ ಮಾಡ್ತೀರಿ," ಎಂದ ಆತ.

ಮರುದಿನ ಅಂಗಳದಲ್ಲಿ ನೀಲವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಬಿಸಿಲು ಚೆನ್ನಾಗಿಯೇ ಇತ್ತು. ಮೊರದ ನೆರಳು ನೆಲದ ಮೇಲಿತ್ತು. ಮೊರ ಹಿಡಿದವಳ ನೆರಳು ಇರಲಿಲ್ಲ.

"ನನ್ನ ಹಿಂದ ಏನ ಹುಡುಕಾಕತ್ತಿ?" ಎಂದಳು.

"ನಿನ್ನ ನೆರಳು, ಅಕ್ಕಾ."

"ನನ್ನ ಹಿತ್ತಾಳಿ ಕೊಡಾ ನುಂಗಿದಿ. ಈಗ ನೆರಳಿನ ಮ್ಯಾಲೂ ಕಣ್ಣು ಬಿತ್ತೇನು ಕಲ್ಲವ್ವಾ?"

ಹಾಗೆನ್ನುತ್ತಲೇ ಅವಳೂ ನೆಲ ನೋಡಿದಳು. ಮೊರ ಕೆಳಗಿಟ್ಟಳು.

ನನ್ನ ನೆರಳು ಗಟ್ಟಿಯಾಗಿಯೇ ಇತ್ತು. ಬೆಳಗಿನಿಂದ ರಾತ್ರಿಯವರೆಗೆ "ಕಲ್ಲವ್ವಾ, ನಿನ್ನ ಬಾಯಿಗೆ ಮಣ್ಣು ಹಾಕ" ಎಂದು ಅವಳು ಬೈಯುತ್ತಿದ್ದ ಪರಿಗೆ ಫ್ರೇಮ್‌ವರ್ಕು ನನ್ನ ಹತ್ತಿರ ಸುಳಿಯುವ ಹಾಗಿರಲಿಲ್ಲ. ನಮ್ಮ ಓಣಿಯಲ್ಲಿ ಉಳಿದವರನ್ನೂ ಮಕ್ಕಳೋ ಮೊಮ್ಮಕ್ಕಳೋ ಹೆಸರು ಹಿಡಿದು ಒದರುವವರಿದ್ದರು. ನಾನು ಮಾತ್ರ ಈ ಮನೆಗೆ ಕಾಲಿಟ್ಟಾಗಿನಿಂದ ಅವಳನ್ನು ಅಕ್ಕ ಎಂದೇ ಕರೆದವಳು. ಹಿರಿಯ ನೆಗೆಣ್ಣಿಯ ಹೆಸರು ಹೇಳುವುದು ತವರಿನಲ್ಲಿ ಕಲಿಸಿದ ಮರ್ಯಾದೆಯಲ್ಲ. ಲೋಕದಲ್ಲಿ ಅಕ್ಕಂದಿರು ಬೇಕಾದಷ್ಟಿದ್ದಾರೆ. ಯಾವ ಅಕ್ಕ ಎಂದು ಫ್ರೇಮ್‌ವರ್ಕಿಗೆ ಹೇಗೆ ತಿಳಿಯಬೇಕು? ಇಷ್ಟು ವರ್ಷ ಅವಳನ್ನು ಉಳಿಸಿದ್ದು ಸ್ಕ್ರಿಪ್ಟಿನ ಕರೆಯೊಂದೇ. ಈಗ ಅದೂ ಕರೆಯುತ್ತಿಲ್ಲ.

ನಾನು ಗಂಟಲು ಸರಿಮಾಡಿಕೊಂಡು, "ನೀಲವ್ವಾ," ಎಂದೆ.

"ಥೂ ನಿನ್ನ! ಹಿರೇರ ಹೆಸರು ಹಿಡದು ಕರೀತಿ? ಎಲುಬಿಲ್ಲದ ನಾಲಿಗಿ ಅಂತ ಹಂಗ ಬಿಡೂದೇನು?"

"ನೀಲವ್ವಾ."

"ಮತ್ತ!"

"ಬೈಯಿ, ಚಲೋ ಬೈಯಿ. ನಾ ಏನ್ ಬಿಡೂದಿಲ್ಲ. ನೀಲವ್ವಾ, ನೀಲವ್ವಾ, ನೀಲವ್ವಾ."

ಬಾಯಿಯ ಕರೆ ಸ್ಕ್ರಿಪ್ಟಿನ ಕರೆಯಷ್ಟು ಗಟ್ಟಿಯಲ್ಲ. ಗಟ್ಟಿಯಿದ್ದವರಿಗೆ ದಿನಕ್ಕೊಂದು ಕೂಗು ಸಾಕು. ಒಮ್ಮೆ ತೆಳುವಾದವರನ್ನು ಹಿಡಿದಿಡಬೇಕಾದರೆ ಬಾಯಿ ಮುಚ್ಚುವಂತಿಲ್ಲ. ಕರೆಯುವಷ್ಟು ಹೊತ್ತು ಅವಳ ಅಂಚು ನಿಲ್ಲುತ್ತಿತ್ತು. ನೀರು ಕುಡಿಯಲು ನಾನು ನಿಲ್ಲಿಸಿದರೆ ಸೀರೆಯ ದಡಿ ಗಾಳಿಯಲ್ಲಿ ಕರಗುವ ಹೊಗೆಯಂತಾಗುತ್ತಿತ್ತು. ನಾನು ಮಲಗಿದಾಗ ಓಣಿಯ ಹೆಂಗಸರು ಪಾಳಿ ಹಾಕಿಕೊಂಡು ಬಂದು ಕರೆದರು. ಹಗಲೆಲ್ಲ ನನ್ನದೇ ಬಾಯಿ. ಬರೀ ಹೆಸರು ಹೇಳಿ ಬೇಸರವಾದಾಗ ಹಳೆಯ ಜಗಳಗಳನ್ನೆಲ್ಲ ಹೆಸರು ಸೇರಿಸಿ ಮತ್ತೆ ತೆಗೆದೆ. ಅವಳೂ ಬಿಡದೆ ಉತ್ತರ ಕೊಟ್ಟಳು. ಆದರೆ ದಿನದಿಂದ ದಿನಕ್ಕೆ ಅವಳ ಬೈಗುಳದ ತೂಕ ಇಳಿಯುತ್ತಿತ್ತು. ನನಗೆ ಹೆದರಿಕೆಯಾದದ್ದು ಅದಕ್ಕೆ.

ಕೈ ಹಿಡಿದುಕೊಂಡು ಚಾವಡಿಗೆ ಹೋದೆವು. ಅವಳ ಕೈ ಒಣಗಿಸಿದ ಸಂಡಿಗೆಯಷ್ಟು ಹಗುರವಾಗಿತ್ತು. ಯಂತ್ರ ನೋಡಿಕೊಳ್ಳುವ ಆಪರೇಟರ್ ಮಡಿವಾಳಪ್ಪ ಅದರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದ.

"ಏನೋ ಮಡಿವಾಳಾ, ಸ್ಕ್ರಿಪ್ಟಿಗೆ ಏನಾಗೇತಿ? ನೀಲವ್ವಾ."

"ಏನೂ ಆಗಿಲ್ಲಬೇ ಕಲ್ಲವ್ವಾ. ಎಲ್ಲ ಸುಸೂತ್ರ ಅಂತ ಬಂದೈತಲ್ಲ."

"ಈಕಿನ್ನ ನೋಡಿ ಹೇಳು. ನೀಲವ್ವಾ. ಈಕಿ ಹಿಂದಿನ ಕಂಬ ಕಾಣ್ತೈತೋ ಇಲ್ಲೋ?"

ಮಡಿವಾಳಪ್ಪ ನೋಡಿದ. ಕಂಬ ಕಾಣುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ. ತನಗೆ ಬರುವ ಔಷಧಗಳನ್ನೆಲ್ಲ ಒಂದಾದಮೇಲೊಂದು ಮಾಡಿದ. ಯಂತ್ರ ಆರಿಸಿ ಹಚ್ಚಿದ. ಮತ್ತೆ ಆರಿಸಿ, ಹಿಂದಿನ ವೈರನ್ನು ಕಿತ್ತು ಊದಿ ಸಿಕ್ಕಿಸಿ ಹಚ್ಚಿದ. ಧೂಳು ಒರೆಸಿದ. ನಿಂಬೆಹಣ್ಣು ಇಳಿಸಿ ಒಡೆದ. ಪ್ರತಿ ಸಲವೂ ಅದು "ಎಲ್ಲ ಸುಸೂತ್ರ" ಎಂದಿತು. ಈ ನಡುವೆ ಫ್ರೇಮ್‌ವರ್ಕಿಗೆ ಹೊಸ ವರ್ಶನ್ ಹಾಕಿದ್ದಾರೆ, ಕಂಪನಿಯವರೇ ಬಂದು ನೋಡಬೇಕು ಎಂದು ಕೊನೆಗೆ ಹೇಳಿದ.

ಕಂಪನಿಯ ಮನುಷ್ಯ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ನೆಲದ ಮೇಲೆ ಕಿವಿಯಿಟ್ಟು ಕೇಳಿ, ಎದ್ದು, ಮಂಡಿಯ ಮಣ್ಣು ಕೊಡವಿಕೊಂಡು, "ಫ್ರೇಮ್‌ವರ್ಕ್ ಸರಿಯಾಗಿಯೇ ಇದೆ ತಾಯಿ. ಹೊಸ ವರ್ಶನ್ ಹಳೆಯದಕ್ಕಿಂತ ಚೆನ್ನಾಗಿ ಗುಡಿಸುತ್ತದೆ," ಎಂದ.

"ಗುಡಿಸೂದು ಕಾಣಾಕತ್ತೈತ್ರೀ. ನೀಲವ್ವಾ."

"ತೊಂದರೆ ಇದ್ದರೆ ನಿಮ್ಮ ಸ್ಕ್ರಿಪ್ಟಿನಲ್ಲಿ ಇರಬೇಕು."

"ಸ್ಕ್ರಿಪ್ಟು ಇಷ್ಟು ವರ್ಷ ನಡದೈತ್ರೀ," ಎಂದ ಮಡಿವಾಳಪ್ಪ. "ನಾವೇನೂ ಮುಟ್ಟಿಲ್ಲ. ನಿಮ್ಮದ ಏನೋ ಬದಲಾಗಿರಬೇಕು."

ಹೀಗೆ ಒಬ್ಬರು ಮೇಲೆ ಕೈ ತೋರಿಸಿದರು, ಒಬ್ಬರು ಕೆಳಗೆ ಕೈ ತೋರಿಸಿದರು. ನಡುವೆ ನಿಂತವಳು ನೀಲವ್ವ. ಕೊನೆಗೆ ಕಂಪನಿಯ ಮನುಷ್ಯ ಒಂದು ಬುದ್ಧಿವಂತ ಮಾತು ಆಡಿದ: "ಸರಿ, ಎರರ್ ತೋರಿಸಿ."

"ನಮ್ಮೂರಾಗ ಎರರ್ ಇಲ್ರೀ," ಎಂದ ಮಡಿವಾಳಪ್ಪ.

"ಎರರ್ ಇಲ್ಲದೆ ಏನನ್ನು ರಿಪೇರಿ ಮಾಡಲಿ? ನುಂಗಿಸಿಟ್ಟಿದ್ದೀರಲ್ಲ, ಬಾಯಿ ಬಿಚ್ಚಿಸಿ. ಒಂದು ಸಲ ಓಡಿಸಿದರೆ ಎಲ್ಲಿ ನಿಂತಿದೆ ಎಂದು ಅದೇ ಹೇಳುತ್ತದೆ."

ಮಡಿವಾಳಪ್ಪನ ಮುಖ ಇಳಿಯಿತು. ಅದಕ್ಕೆ ಗೌಡರ ಒಪ್ಪಿಗೆ ಬೇಕು, ಠರಾವು ಇದೆ ಎಂದು ಹೇಳಿ ಊದಿನಕಡ್ಡಿಯ ಬೂದಿಯನ್ನು ಬೆರಳಿನಿಂದ ಗುಡ್ಡೆ ಮಾಡತೊಡಗಿದ. ಅವನಿಗೆ ಇನ್ನೂ ಏನೋ ಗೊತ್ತಿದೆ ಎಂದು ನನಗೆ ಅನ್ನಿಸಿತು. ಕೇಳಲು ಬಿಡುವಿರಲಿಲ್ಲ, ಕರೆಯುವ ಕೆಲಸವಿತ್ತು.

ಮರುದಿನ ಚಾವಡಿಯಲ್ಲೇ ಸಭೆ ಸೇರಿತು, ಕಂಪನಿಯ ಮನುಷ್ಯನೂ ಉಳಿದುಕೊಂಡಿದ್ದ. ಅಷ್ಟರಲ್ಲಿ ನೀಲವ್ವನಿಗೆ ಕುರ್ಚಿ ಬೇಡವಾಗಿತ್ತು. ಕೂತರೂ ನಿಂತರೂ ಅವಳಿಗೆ ಒಂದೇ. ನಾನು ಅವಳ ಪಕ್ಕ ಕೂತು ಉಸಿರಿಗೊಮ್ಮೆ ಕರೆಯುತ್ತಿದ್ದೆ. ನನ್ನ ಧ್ವನಿ ಆಗಲೇ ಒಡೆದ ಮಡಕೆಯಾಗಿತ್ತು.

ವಿರುಪಾಕ್ಷಗೌಡರು ರುಮಾಲು ಸರಿಪಡಿಸಿಕೊಂಡು ಎದ್ದರು. "ನೀಲವ್ವನ ಮ್ಯಾಲೆ ನಮಗೂ ಕಾಳಜಿ ಐತಿ. ಹಂಗಂತ ಊರ ಮರ್ಯಾದಿ ಮಾರಾಕ ಆಗ್ತೈತೇನು? ಇಷ್ಟು ವರ್ಷ ನುಂಗಿದ ಎರರ್ ಬಾಯಿ ಬಿಟ್ಟರ ಯಾರ ಮನಿದು ಏನೇನು ಬರ್ತೈತೋ. ನಿಮಗೆಲ್ಲ ಒಪ್ಪಿಗಿ ಐತೇನು?"

ಎಲ್ಲರೂ ಎಲೆ ಅಡಿಕೆಯ ಚೀಲ ಬಿಚ್ಚತೊಡಗಿದರು. ಶಿವಪುತ್ರಪ್ಪ ತನ್ನ ಮಾಳಿಗೆಯನ್ನು ನೆನೆಸಿಕೊಂಡಿರಬೇಕು.

"ನೀಲವ್ವಾ," ಎಂದೆ ನಾನು.

"ಕಲ್ಲವ್ವಾ, ಸಭಾದಾಗ ನಡುನಡುವ ಒದರಬಾರದು," ಎಂದರು ಗೌಡರು.

"ಒದರದಿದ್ದರ ಸಭಾದಾಗ ಒಬ್ಬರು ಕಡಿಮಿ ಆಗ್ತಾರ್ರೀ, ಗೌಡ್ರ. ನೀಲವ್ವಾ."

ಅಷ್ಟರಲ್ಲಿ ಬಾಗಿಲಲ್ಲಿ ಬಸಲಿಂಗವ್ವ ಕಾಣಿಸಿದಳು. ಗೌಡರ ಮನೆಯ ಹೆಂಗಸು ಸಭೆಗೆ ಬಂದ ರೂಢಿಯಿರಲಿಲ್ಲ. ಕೈಯಲ್ಲಿ ತಂಬಿಗೆ ಇತ್ತು. ನಡೆದು ಬಂದು ಅದನ್ನು ಗಂಡನ ಮುಂದಿನ ಮೇಜಿನ ಮೇಲೆ ಕುಕ್ಕಿದಳು. ನೀರು ಚೆಲ್ಲಿ ಗೌಡರ ಧೋತರ ನೆನೆಯಿತು.

"ಯಾವ ಮರ್ಯಾದಿ ಬಗ್ಗೆ ಮಾತಾಡಾಕತ್ತೀರಿ? ನಮ್ಮ ಹಿತ್ತಲದಾಗಿನ ಸಂಡಾಸ ಎಲ್ಲೈತಿ, ಇವರಿಗೆ ಹೇಳ್ರಿ."

"ಏ, ನೀ ಮನಿಗೆ ನಡಿ."

"ಮನ್ಯಾಗ ಏನೈತಿ ಹೋಗಾಕ?" ಎಂದು ಅವಳು ಸಭೆಯ ಕಡೆ ತಿರುಗಿದಳು. "ಬೀಗರು ಹೋದ ದಿನಾನ ಇವರು ಮಡಿವಾಳನ್ನ ಕರದು, ಇನ್ನೊಮ್ಮಿ ನಮ್ಮ ಸಂಡಾಸದ ಹೆಸರ ತಗೀಬ್ಯಾಡ ಅಂತ ಸ್ಕ್ರಿಪ್ಟಿಗೆ ಹೇಳು ಅಂದ್ರು. ಮರುದಿನ ಅದು ಹೆಸರ ತಗೀಲಿಲ್ಲ. ಸಂಜಿಗೆ ಸಂಡಾಸೂ ಇರಲಿಲ್ಲ! ಹೊಸದು ಕಟ್ಟಸ್ರೀ ಅಂದ್ರ, ಕಟ್ಟಿಸಿದ್ದಕ್ಕ ಮತ್ತ ಹೆಸರ ಬರಸಬೇಕಾಗ್ತೈತಿ ಅಂತಾರ. ಅವತ್ತಿನಿಂದ ದಿನಾ ನಸುಕಿನ್ಯಾಗ ಹೆಪ್ಪಿನ ನೆವ ಮಾಡ್ಕೊಂಡು ಈ ನೀಲವ್ವನ ಹಿತ್ತಲಕ್ಕ ಹೋಗ್ತೀನಿ. ನನ್ನ ಮಾನಾ ಕಾದಾಕಿ ಈಕಿ. ತನ್ನ ನೆಗೆಣ್ಣಿ ಮುಂದೂ ಬಾಯಿ ಬಿಟ್ಟಿಲ್ಲ. ಈಗ ಈಕಿ ಸಂಡಾಸೂ ಹೋತು, ಈಕೀನೂ ಹೊಂಟಾಳ. ನೀವು ಮರ್ಯಾದಿ ಹಿಡ್ಕೊಂಡು ಕುಂದರ್ರಿ!"

ನಾನು ನೀಲವ್ವನ ಕಡೆ ನೋಡಿದೆ. ಅವಳು ಮುಖ ತಿರುಗಿಸಿಕೊಂಡಳು. ತಿರುಗಿಸಿದರೂ ಆಚೆಯಿಂದ ಕಾಣುವಷ್ಟು ತೆಳುವಾಗಿದ್ದಳು. ದೊಡ್ಡವರ ಮನೆಯ ಹಾಲು ಯಾಕೆ ಹೆಪ್ಪಾಗುವುದಿಲ್ಲ ಎಂಬುದು ನನಗೆ ಇಷ್ಟು ವರ್ಷಗಳ ಮೇಲೆ ತಿಳಿಯಿತು.

"ಮಡಿವಾಳಪ್ಪಾ, ಬಾಯಿ ಬಿಚ್ಚಸೋ ಅದರದು," ಎಂದಳು ಬಸಲಿಂಗವ್ವ. "ನಾ ಹೇಳಾಕತ್ತೀನಿ."

ಮಡಿವಾಳಪ್ಪ ಗೌಡರನ್ನು ನೋಡಿದ. ಗೌಡರು ಒದ್ದೆ ಧೋತರವನ್ನು ನೋಡಿಕೊಳ್ಳುತ್ತಿದ್ದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ಯಂತ್ರದ ಮುಂದೆ ಕೂತು, ಠರಾವಿನ ದಿನ ಹಾಕಿದ್ದ ಸಾಲುಗಳನ್ನು ತೆಗೆದು ಸ್ಕ್ರಿಪ್ಟನ್ನು ಓಡಿಸಿದ.

ಮೊದಲು ಧ್ವನಿವರ್ಧಕ ಕೆಮ್ಮಿತು. ಬಹಳ ದಿನ ಸುಮ್ಮನಿದ್ದವರು ಮಾತು ತೆಗೆಯುವಾಗ ಆಗುವ ಹಾಗೆ. ಆಮೇಲೆ ಚಾವಡಿಯ ಮೆಟ್ಟಿಲನ್ನು ಕರೆಯಿತು, ಕಂಬವನ್ನು ಕರೆಯಿತು, ಮುಂದಿನ ಓಣಿಗೆ ಹೊರಳಿತು. "ಶಿವಪುತ್ರಪ್ಪನ ಮಾಳಿಗೆ: ಎರರ್. ಸೋರುತ್ತಿದೆ. ಶಿವಪುತ್ರಪ್ಪನ ತಕ್ಕಡಿ: ಎರರ್. ಒಂದು ಕಡೆ ವಾಲಿದೆ." ಜನ ಶಿವಪುತ್ರಪ್ಪನನ್ನು ನೋಡಿದರು. ಮಾಳಿಗೆ ಸೋರುವುದು ಎಲ್ಲರಿಗೂ ಗೊತ್ತಿತ್ತು. ತಕ್ಕಡಿಯ ಸಂಗತಿ ಹೊಸದು. ಸ್ಕ್ರಿಪ್ಟು ಯಾರ ಮುಖವನ್ನೂ ನೋಡದೆ ಗೌಡರ ಮನೆಗೆ ಬಂತು. ಬಾಗಿಲು, ತೊಟ್ಟಿಲು, ಎಮ್ಮೆಗಳು.

"ಗೌಡರ ಮನೆ, ಪಾಯಖಾನೆ: ಕರೆಯಬೇಡ ಎಂದು ಹೇಳಲಾಗಿದೆ. ಎರರ್. ಮುಂದೆ ಹೋಗಲು ದಾರಿ ಇಲ್ಲ. ಇಲ್ಲಿಗೇ ಮುಗಿಸುತ್ತಿದ್ದೇನೆ. ಎಲ್ಲ ಸುಸೂತ್ರ."

ಕಂಪನಿಯ ಮನುಷ್ಯ ತೊಡೆ ತಟ್ಟಿಕೊಂಡ. "ಇದೇ ನೋಡಿ! ಹಳೆಯ ಫ್ರೇಮ್‌ವರ್ಕ್, ಕರೆಯಬೇಡವೆಂದ ವಸ್ತುವನ್ನಷ್ಟೇ ದಾಟಿ ಮುಂದೆ ಹೋಗುತ್ತಿತ್ತು. ಹೊಸದು ಅಂಥ ಕಡೆ ಬಂದರೆ ಅಲ್ಲಿಗೇ ಕೆಲಸ ಮುಗಿಸಿ ಎದ್ದುಬಿಡುತ್ತದೆ. ಅದರ ನಂತರದ ಒಂದು ಹೆಸರನ್ನೂ ಕರೆದಿಲ್ಲ."

ಅದರ ನಂತರ ಇರುವುದು ನಾವು. ಒಂದು ಪಾಯಖಾನೆಯ ಹೆಸರು ಹೇಳಲು ನಾಚಿಕೊಂಡದ್ದಕ್ಕೆ ಅದರಾಚೆಯ ಓಣಿಯೇ ಕಸವಾಗಿತ್ತು. ಮುಂದಿನ ಓಣಿಯವರಿಗೆ ಒಂದು ಸೂಜಿಯೂ ಹೋಗಲಿಲ್ಲವೆಂದರೆ ಆಶ್ಚರ್ಯವೇನು? ಅವರು ಪಾಯಖಾನೆಗಿಂತ ಮೊದಲು ಬರುತ್ತಾರೆ.

ಮಡಿವಾಳಪ್ಪ ಆ ಸಾಲನ್ನು ಅಳಿಸಿ ಮತ್ತೆ ಓಡಿಸಿದ. ಶಿವಪುತ್ರಪ್ಪನ ಮಾಳಿಗೆ ಮತ್ತೊಮ್ಮೆ ಸೋರಿತು, ತಕ್ಕಡಿ ಮತ್ತೊಮ್ಮೆ ವಾಲಿತು. "ಗೌಡರ ಮನೆ, ಪಾಯಖಾನೆ: ಎರರ್. ಇಲ್ಲ. ಮುಂದೆ ಹೋಗುತ್ತಿದ್ದೇನೆ." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬಸಲಿಂಗವ್ವನೇ ಇರಬೇಕು. ಸ್ಕ್ರಿಪ್ಟು ಗೌಡರ ಮನೆಯ ಮೂಲೆ ತಿರುಗಿ ನಮ್ಮ ಓಣಿಗೆ ಕಾಲಿಟ್ಟಿತು. ಕಟ್ಟೆ: ಇಲ್ಲ. ನಲ್ಲಿ: ಇಲ್ಲ. ಒನಕೆಗಳು: ಇಲ್ಲ. ಹೋದದ್ದು ಕರೆದರೆ ಬರುವುದಿಲ್ಲ; ನಮಗೂ ಗೊತ್ತಿತ್ತು. ಆದರೂ ನಮ್ಮ ಕಟ್ಟೆಯ ಹೆಸರನ್ನು ಕೇಳಿ ಓಣಿಯ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಮಕ್ಕಳು ಮುದುಕರು ಒಬ್ಬೊಬ್ಬರೇ "ಇದ್ದೀನಿ, ಇದ್ದೀನಿ" ಎಂದರು. ನಾನು ಒಂದು ಉಸಿರೂ ಬಿಡದೆ, "ನೀಲವ್ವಾ, ನೀಲವ್ವಾ," ಎನ್ನುತ್ತಲೇ ಇದ್ದೆ. ಇಷ್ಟು ದಿನ ಹಿಡಿದು ತಂದು ಹೊಸ್ತಿಲಲ್ಲಿ ಕೈಜಾರಬಾರದಲ್ಲ.

"ನೀಲವ್ವ: ಎರರ್," ಎಂದಿತು ಧ್ವನಿವರ್ಧಕ. "ಬೇರೊಬ್ಬರು ಹಿಡಿದಿದ್ದಾರೆ. ಬಿಟ್ಟ ಮೇಲೆ ಕರೆಯುತ್ತೇನೆ."

ನಗುವವರು ನಗಲು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡರು.

"ಕಲ್ಲವ್ವಾ, ಸುಮ್ನಾಗಬೇ," ಎಂದ ಮಡಿವಾಳಪ್ಪ. "ನಿನ್ನ ಬಾಯಾಗ ಅದಾಳ ಆಕಿ. ನೀ ಬಿಟ್ಟರ ಅದು ತಗೊಂತೈತಿ."

"ಮತ್ತ ಅದು ತಗೊಳ್ಳಲಿಲ್ಲಂದ್ರ? ನೀಲವ್ವಾ. ಇಷ್ಟು ವರ್ಷ ಎಲ್ಲ ಸುಸೂತ್ರ ಅಂತ ಸುಳ್ಳು ಹೇಳಿದ್ದಲ್ಲೇನು ಇದು? ನೀಲವ್ವಾ, ನೀಲವ್ವಾ."

"ಅದು ಹೇಳಿಲ್ಲ. ನಾವು ಹೇಳಿಸಿದ್ದು," ಎಂದಳು ಬಸಲಿಂಗವ್ವ ಮೆಲ್ಲಗೆ.

ಗೊತ್ತು. ಗೊತ್ತಿದ್ದರೂ ಬಾಯಿ ನಿಲ್ಲಬೇಕಲ್ಲ. ಒಲೆಯ ಮೇಲಿಟ್ಟ ಹಾಲನ್ನು ಊರಿನವರೆಲ್ಲ ಸೇರಿ ಬಿಟ್ಟು ಬಾ ಎಂದ ಹಾಗಿತ್ತು. ನಾನು ಕರೆಯುತ್ತಲೇ ಇದ್ದೆ, ಧ್ವನಿವರ್ಧಕ ಬೇರೊಬ್ಬರು ಹಿಡಿದಿದ್ದಾರೆ ಎನ್ನುತ್ತಲೇ ಇತ್ತು. ಕೊನೆಗೆ ಮಾತಾಡಿದವಳು ನೀಲವ್ವ. ಧ್ವನಿ ಎಲ್ಲೋ ದೂರದ ಕೋಣೆಯಿಂದ ಬಂದ ಹಾಗಿತ್ತು.

"ಬಿಡು ಕಲ್ಲವ್ವಾ. ಇಷ್ಟು ದಿನಾ ನಿನ್ನ ಬಾಯಾಗ ಇದ್ದು ಇದ್ದು ನನಗ ವಾಕರಿಕಿ ಬಂದೈತಿ. ಎಲಿ ಅಡಕಿ ವಾಸನಿ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಮೊದಲು ಸೀರೆಯ ದಡಿ ಹೋಯಿತು. ಆಮೇಲೆ ಕೈ, ಬಳೆಗಳ ಸಮೇತ. ಅವಳ ಹಿಂದಿನ ಕಂಬದ ಸುಣ್ಣದ ಬಿರುಕುಗಳು ಒಂದೊಂದಾಗಿ ಕಾಣತೊಡಗಿದವು. ಆ ಹೆಸರನ್ನು ಸೆರಗಿನ ಜೊತೆ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ನೀಲವ್ವ," ಎಂದಿತು ಧ್ವನಿವರ್ಧಕ.

ಕಂಬ ಮಾತ್ರ ಇತ್ತು. ಬಸಲಿಂಗವ್ವ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ.

"ಇದ್ದೀನೋ ಮಾರಾಯಾ," ಎಂದಿತು ಕಂಬದ ಮುಂದಿನ ಗಾಳಿ. "ಕಿವಿಗೆ ಬಡಿಯೂ ಹಂಗ ಒದರಬ್ಯಾಡ." ಹಾಗೆನ್ನುತ್ತಿದ್ದಂತೆಯೇ ಗಾಳಿಗೆ ಸೀರೆ ಬಂತು, ಸೀರೆಗೆ ಕೈ ಬಂತು, ಕೈಗೆ ಬಳೆ ಬಂದವು. ಕಂಬ ಮರೆಯಾಯಿತು. ಅವಳು ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಕುರ್ಚಿ ಕಿರ್ರೆಂದಿತು. ಅವಳ ತೂಕದ ಬಗ್ಗೆ ಎಂದೂ ಒಳ್ಳೆಯ ಮಾತಾಡದವಳು ನಾನು. ಆ ಕಿರ್ರೆಂಬ ಸದ್ದು ಈಗಲೂ ಕಿವಿಯಲ್ಲಿದೆ.

"ಕಲ್ಲವ್ವ," ಎಂದಿತು ಧ್ವನಿವರ್ಧಕ.

ಓಗೊಡಲು ಬಾಯಿ ತೆರೆದೆ. ಧ್ವನಿ ಇರಲಿಲ್ಲ. ಇದ್ದಷ್ಟನ್ನೂ ಒಂದೇ ಹೆಸರಿಗೆ ಖರ್ಚು ಮಾಡಿಬಿಟ್ಟಿದ್ದೆ. ಮತ್ತೆ ಪ್ರಯತ್ನಿಸಿದೆ, ಬರೀ ಗಾಳಿ ಹೊರಟಿತು. ಧ್ವನಿವರ್ಧಕ ಕಾದಿತ್ತು. ನೀಲವ್ವ ನನ್ನ ತುಟಿಗಳನ್ನು ನೋಡಿದಳು, ನನ್ನ ನೆರಳಿದೆಯೇ ಎಂದು ಕಾಲ ಬಳಿಯ ನೆಲವನ್ನು ನೋಡಿದಳು, ಎದ್ದು ಬಂದು ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಕಲ್ಲವ್ವಾ! ಮೂಕಿ ಆದೇನು? ನನ್ನ ಕೊಡಾ ನುಂಗುವಾಗ ಇದ್ದ ಬಾಯಿ ಈಗ ಎಲ್ಲಿ ಹೋತು? ಕಲ್ಲವ್ವಾ! ಏ ಕಲ್ಲವ್ವಾ!"

"ಕಲ್ಲವ್ವ: ಎರರ್," ಎಂದಿತು ಧ್ವನಿವರ್ಧಕ, ಊರಿಗೆಲ್ಲ ಕೇಳುವ ಹಾಗೆ. "ಬೇರೊಬ್ಬರು ಹಿಡಿದಿದ್ದಾರೆ. ಬಿಟ್ಟ ಮೇಲೆ ಕರೆಯುತ್ತೇನೆ."

ಅವಳು ಬಿಡಲಿಲ್ಲ. ಊರು ಕಾದು ನಿಂತಿತು.